ಸುಗಲವ್ವ ಬರದ ಖಾಲಿ ಜೋಕಾಲಿ

ನಮ್ಮಜ್ಜಿ ತನ್ನ ಅಜ್ಜಿ ಬಾಯಿಂದ ಕೇಳಿದ್ದಿದು, ಅಷ್ಟು ಹಿಂದಿನ ಮಾತು. ಒಂದೂರಾಗ ಸುಗಲವ್ವ ಅನ್ನಾಕಿ ಇದ್ಲಂತ. ಕೆಮ್ಮಣ್ಣು, ಸುಣ್ಣ ಹಿಡಕೊಂಡು ಮನಿಮನಿಗೆ ಹೋಗಿ ಅಡಗಿಮನಿ ಗೋಡಿಮ್ಯಾಲ ಚಿತ್ರ ಬರೀತಿದ್ಲಂತ. ದೇವರನ್ನ ಬರೀತಿದ್ದಿಲ್ಲ, ರಾಜರನ್ನ ಬರೀತಿದ್ದಿಲ್ಲ. ಆ ಮನಿ ಹೆಂಗಸರನ್ನ ಬರೀತಿದ್ಲು. ಒಲಿ ಊದಾಕಿ, ತಲಿ ಬಾಚಿಕೊಳ್ಳಾಕಿ, ಮಧ್ಯಾಹ್ನ ಕೂಸಿನ ಮಗ್ಗಲದಾಗ ಬಾಯಿ ತಕ್ಕೊಂಡು ಮಲಗಿದಾಕಿ, ಎಲ್ಲಾ ಇದ್ದಂಗ.

ಆದ್ರ ಪ್ರತಿ ಚಿತ್ರದಾಗೂ ಆ ಮನ್ಯಾಗ ಇಲ್ಲದ್ದೊಂದು ಇಡತಿದ್ಲಂತ. ಹಾಡೂ ಆಸೆ ಇದ್ದೂ ಬಾಯಿ ಬಿಡದಾಕಿಯ ಬೀಸೂಕಲ್ಲಿನ ಮ್ಯಾಲ ಒಂದು ಗಿಣಿ. ಬಸುರಿ ಅಂತ ಇನ್ನೂ ಯಾರಿಗೂ ಹೇಳದಾಕಿಯ ಮಗ್ಗಲಕ್ಕ ತುಂಬಿದ ಕೊಡ. ಹೆಂಗಸರು ನೋಡಿದ ಕೂಡ್ಲೇ ತಿಳಕೋತಿದ್ರು. ಗಂಡಸರು ಗಿಣಿ ಚಲೋ ಬಂದೈತಿ ಅಂದು, ಉಂಡು ಎದ್ದು ಹೋಗ್ತಿದ್ರಂತ. ಪಾಪ, ಅವರಿಗೇನ್ ಗೊತ್ತು!

ಒಂದ್ಸಲ ದಾನವ್ವನ ಮನಿಗೆ ಕರದ್ರು. ದಾನವ್ವ ಅಂದ್ರ ಏನ್ ಕೇಳ್ತೀರಿ, ಅಕಿ ಕೆಮ್ಮಿದ್ರ ಓಣಿನೇ ಸುಮ್ಮನಾಗ್ತಿತ್ತಂತ. ನಾಗರ ಪಂಚಮಿ ಬಂತಂದ್ರ ಅಣ್ಣ ಬಂದು ತಂಗಿನ್ನ ತವರಿಗೆ ಕರಕೊಂಡು ಹೋಗಬೇಕು, ಅಕಿ ಅಲ್ಲಿ ಜೋಕಾಲಿ ಆಡಬೇಕು. ಆದ್ರ ದಾನವ್ವನ ಸೊಸಿ ರಾಚವ್ವನ ಅಣ್ಣ ಮೂರು ವರ್ಷ ಖಾಲಿ ಚಕ್ಕಡಿ ಹೊಡಕೊಂಡು ತಿರುಗಿ ಹೋಗಿದ್ದ. ದಾನವ್ವ ಕಳಿಸಿದ್ರಲ್ಲ! ಈ ಸಲ ತಾಯಿ ಕಣ್ಣು ಮಂಜಾಗ್ಯಾವು, ಮಗಳ ಮುಖ ಕಾಣೂದು ಇನ್ನೆಷ್ಟು ದಿನಾನೋ ಅಂತ ಸುದ್ದಿ ಬಂದಿತ್ತು. ರಾಚವ್ವ ಅತ್ತಿ ಮುಂದ ಉಸುರು ಬಿಡಲಿಲ್ಲ.

ಸುಗಲವ್ವ ಅಕಿ ರೊಟ್ಟಿ ಬಡಿಯೂದು ನೋಡಿದ್ಲು, ಕಣ್ಣೂ ನೋಡಿದ್ಲು. ರೊಟ್ಟಿ ಬಡಿಯೂ ರಾಚವ್ವನ್ನ ಬರದು, ಮ್ಯಾಲಿನ ಜಂತಿಗೆ ಒಂದು ಜೋಕಾಲಿ ಕಟ್ಟಿದ್ಲು. ಜೋಕಾಲ್ಯಾಗ ಯಾರೂ ಇಲ್ಲ.

ದಾನವ್ವ ಬಂದು ನಡದ ಮ್ಯಾಲ ಕೈ ಇಟ್ಟು ನೋಡಿದ್ಲಂತ. ಅಕಿಗೂ ತಿಳೀತು, ಹೆಣ್ಣಲ್ಲೇನು ಅಕಿ? ಆದ್ರ ತೋರಗೊಡಲಿಲ್ಲ. ಇದೆಂಥ ಅರ್ಧಮರ್ಧ ಕೆಲಸ, ಯಾರನ್ನರ ಕುಂಡ್ರಿಸು ಅಂದ್ಲು. ರಾಚವ್ವನ ಕೈ ರೊಟ್ಟಿಮ್ಯಾಲೇ ನಿಂತುಬಿಡ್ತು. ಜೋಕಾಲಿ ತುಂಬಿದ್ರ, ತವರಿಗೆ ಕಳಸ್ರಿ ಅಂತ ಕೇಳೂದೇ ಮುಗದು ಹೋತಲ್ಲ.

ಸುಗಲವ್ವ ಗಾಬರಿ ಆಗಲಿಲ್ಲ. ಆತು ಬಿಡವ್ವ ಅಂದು ಬರದ್ಲು. ಒಬ್ಬ ಹುಡುಗಿ, ಎರಡು ಜಡಿ, ನೆಲ ಬಿಟ್ಟ ಕಾಲು, ಬಾಯಿ ತುಂಬ ನಗು. ಕಡೀಕ ಗದ್ದದ ಮ್ಯಾಲ ಮೂರು ಹಚ್ಚಿ ಚುಕ್ಕಿ ಇಟ್ಲು.

ದಾನವ್ವ ತನ್ನ ಗದ್ದ ಮುಟ್ಟಿ ನೋಡಿಕೊಂಡ್ಲಂತ. ಅವೇ ಮೂರು ಚುಕ್ಕಿ. ಅಕಿ ಲಗ್ನ ಆಗಿ ಬಂದು ನಲವತ್ತು ಪಂಚಮಿ ಕಳದಿದ್ವು. ಅಕಿ ಅತ್ತಿ ಒಂದಕ್ಕೂ ಕಳಿಸಿದ್ದಿಲ್ಲ, ಅತ್ತಿ ಹೋದಮ್ಯಾಲ ಹೋಗೂದೇ ಮರತಿತ್ತು. ಒಲಿ ಮುಂದ ಕುಂತುಬಿಟ್ಲು. ಕಣ್ಣಾಗ ನೀರು ಬಂತು, ಹೊಗಿ ಅಂತ ಒಲಿನ್ನ ಬೈದ್ಲು. ಆಮ್ಯಾಲ ಸೊಸಿನ್ನ ಕರದು ಕೇಳಿದ್ಲಂತ:

"ರಾಚವ್ವಾ, ನಿಮ್ಮಣ್ಣನ ಚಕ್ಕಡ್ಯಾಗ ಎಷ್ಟು ಮಂದಿ ಹಿಡೀತಾರ? ನನ್ನ ತವರೂ ಅದೇ ದಾರ್ಯಾಗ ಐತಿ."

ಹೋದ್ರು, ಇಬ್ಬರೂ ಹೋದ್ರು. ರಾಚವ್ವನ ತಾಯಿ ಮಗಳ ಮುಖ ಬಿಸಿಲಿಗೆ ತಿರುಗಿಸಿಕೊಂಡು ಕಣ್ಣು ತುಂಬ ನೋಡಿದ್ಲು. ದಾನವ್ವ ತಮ್ಮನ ಮನಿ ಮುಂದಿನ ಬೇವಿನ ಗಿಡದಾಗ ಎಷ್ಟು ಎತ್ತರ ಜೀಕಿದ್ಲಂದ್ರ, ಇಳಿಯೂ ಹೊತ್ತಿಗೆ ಅಕಿ ತುರುಬಿನ್ಯಾಗ ಹದ್ದಿನ ಗರಿ ಸಿಕ್ಕಿತ್ತಂತ. ಅದು ನಾ ನಂಬೂದಿಲ್ಲ. ಹಗ್ಗ ಹರದದ್ದು ಮಾತ್ರ ಖರೇ.

ಈಗೂ ಆ ಕಡೆ ಪಂಚಮಿ ಎಂಟು ದಿನ ಇರಬೇಕಾದ್ರ ಸೊಸಿ ಒಲಿ ಹಿಂದಿನ ಗೋಡಿಗೆ ಖಾಲಿ ಜೋಕಾಲಿ ಬರೀತಾಳ. ಗಂಡಸರು ಜೋಕಾಲಿ ಚಲೋ ಬಂದೈತಿ ಅಂತಾರ. ಅತ್ತಿ ಕೆಮ್ಮಣ್ಣು ತಗೊಂಡು ಅದರಾಗ ಒಂದು ಹುಡುಗಿನ್ನ ಕುಂಡ್ರಿಸಿ, ಗದ್ದಕ್ಕ ಮೂರು ಚುಕ್ಕಿ ಇಡತಾಳ. ಸೊಸಿ ಅದನ್ನ ನೋಡಿ, ಒಳಗ ಹೋಗಿ ಸೀರಿ ಗಂಟು ಕಟ್ಟತಾಳ.