ಧಕ್ಕೆಯ ನೀರು

ದೊಡ್ಡ ಅಲೆ ಬಂದು ಹೋದ ಮೇಲೆ ಆ ಊರಿನ ಕಡಲನ್ನು ಯಾರೂ ಮುಟ್ಟಲಿಲ್ಲ.

ಮೊದಮೊದಲು ಕಾರಣ ಕಣ್ಣಿಗೇ ಕಾಣುತ್ತಿತ್ತು. ದೋಣಿ ಕಟ್ಟುವ ಧಕ್ಕೆಯ ಸುತ್ತ ನೀರಿನ ಮೇಲೆ ಡೀಸೆಲ್ ಹರಡಿಕೊಂಡಿತ್ತು. ಮುರಿದ ಹಲಗೆ, ಹರಿದ ಬಲೆ, ಚರಂಡಿಯ ಕೊಳೆ ಎಲ್ಲ ಅಲ್ಲೇ ತೇಲುತ್ತಿದ್ದವು. ಗಾಳಿ ಬೀಸಿದರೆ ನಾತ ಗುಡ್ಡದ ಮೇಲಿನ ಆಶ್ರಮಕ್ಕೂ ಬರುತ್ತಿತ್ತು.

ಆಶ್ರಮದಲ್ಲಿ ಇದ್ದವರು ಇಬ್ಬರೇ. ಒಬ್ಬರು ವಯಸ್ಸಾದ ಗುರು, ಊರಿಗೆಲ್ಲ ಅಜ್ಜಯ್ಯ. ಇನ್ನೊಬ್ಬ ಶಿಷ್ಯ ನಿರಂಜನ. ಇಲ್ಲಿಗೆ ಬರುವ ಮೊದಲು ಅವನು ಪೇಟೆಯ ಪ್ರಯೋಗಾಲಯದಲ್ಲಿ ನೀರು ಪರೀಕ್ಷೆ ಮಾಡುವ ಕೆಲಸದಲ್ಲಿದ್ದ.

"ಅಜ್ಜಯ್ಯ, ಧ್ಯಾನಕ್ಕೆ ಕೂರಲು ಆಗುತ್ತಿಲ್ಲ," ಎಂದ ನಿರಂಜನ. "ಕಣ್ಣು ಮುಚ್ಚಿದರೆ ಧಕ್ಕೆಯೇ ಕಾಣುತ್ತದೆ."

"ಹಾಗಾದರೆ ಕಣ್ಣು ತೆರೆದುಕೊಂಡು ಅಲ್ಲಿಗೇ ಹೋಗು."

"ಹೋಗಿ ಏನು ಮಾಡಲಿ?"

"ನಿನಗೆ ಏನು ಬರುತ್ತದೋ ಅದನ್ನು."

ನಿರಂಜನ ಧಕ್ಕೆಗೆ ಇಳಿದ. ಅಲ್ಲಲ್ಲಿ ಬಾಟಲಿಗೆ ನೀರು ತುಂಬಿಕೊಂಡು ಪೇಟೆಯ ಹಳೆಯ ಗೆಳೆಯರ ಬಳಿ ಒಯ್ದ. ನೀರಿನಲ್ಲಿ ಎಣ್ಣೆ ಇತ್ತು, ರೋಗದ ಕ್ರಿಮಿಗಳಿದ್ದವು. ಮೀನು ಉಸಿರಾಡುವಷ್ಟು ಆಮ್ಲಜನಕವೂ ಇರಲಿಲ್ಲ.

ಅವನು ಊರಿಗೆ ಬಂದು ಹೇಳಿದ: ಸದ್ಯಕ್ಕೆ ಬಲೆ ಹಾಕಬೇಡಿ, ಚಿಪ್ಪು ಹೆಕ್ಕಬೇಡಿ.

ಊರವರು ಅವನ ಮಾತು ಕೇಳಿದರು. ಯಾರೋ ಕಳಿಸಿದ ಅಕ್ಕಿಯಲ್ಲಿ ಗಂಜಿ ಕಾಯಿಸಿ, ಉಪ್ಪು ಹಾಕಿ ಕುಡಿದರು. ತಿಂಗಳುಗಳು ಕಳೆದವು. ನಿರಂಜನ ಮತ್ತೆ ಮತ್ತೆ ನೀರು ತೆಗೆದ. ಮತ್ತೆ ಮತ್ತೆ ಬೇಡ ಎಂದ.

ಒಂದು ಸಂಜೆ ಸೋತು ಬಂದು ಗುರುವಿನ ಎದುರು ಕೂತ.

"ಸ್ವಲ್ಪ ಸುಧಾರಿಸಿದೆ ಅಂತ ಹೇಳಿಬಿಡಲೇ, ಅಜ್ಜಯ್ಯ? ಅವರ ಮುಖ ನೋಡಲು ಆಗುತ್ತಿಲ್ಲ."

"ಸುಧಾರಿಸಿದೆಯಾ?"

"ಇಲ್ಲ."

"ಹಾಗಾದರೆ ಅವರ ಮುಖ ನೋಡಿಕೊಂಡೇ 'ಇಲ್ಲ' ಅನ್ನು."

ಮಳೆಗಾಲ ಬಂತು. ಕಡಲು ತನ್ನನ್ನು ತಾನೇ ಕಲಕಿಕೊಂಡಿತು. ಸರ್ಕಾರದವರು ಮುರಿದ ದೋಣಿಗಳನ್ನು ಎಳೆಸಿದರು, ಒಡೆದ ಚರಂಡಿ ಕಟ್ಟಿಸಿದರು. ಮಳೆ ನಿಂತ ಮೇಲೆ ನಿರಂಜನ ಒಯ್ದ ನೀರು ಚೆನ್ನಾಗಿತ್ತು. ನಂಬದೆ ಇನ್ನೊಮ್ಮೆ ಒಯ್ದ. ಆಗಲೂ ಚೆನ್ನಾಗಿತ್ತು.

ಅವನು ಪೇಟೆಯಿಂದ ನೇರವಾಗಿ ಧಕ್ಕೆಗೆ ಬಂದ. ಮೀನು ಮಾರುವ ಹೆಂಗಸರು ಕಟ್ಟೆಯ ಮೇಲೆ ಕೂತಿದ್ದರು. ಮಾರಲು ಏನೂ ಇಲ್ಲದಿದ್ದರೂ ಕೂರುವ ಅಭ್ಯಾಸ ಬಿಟ್ಟಿರಲಿಲ್ಲ. ನಡುವೆ ಮೂಕಾಂಬು ಇದ್ದಳು. ಅವಳು ಎದ್ದರೆ ಉಳಿದವರೂ ಏಳುತ್ತಾರೆ, ಅಂಥ ಹೆಂಗಸು. ಅವಳ ಗಂಡ ಸುಬ್ರಾಯ ಅಲೆ ಬಂದ ದಿನ ದೋಣಿಯಲ್ಲಿದ್ದ.

"ಅಕ್ಕ, ನೀರು ಶುದ್ಧವಾಗಿದೆ," ಎಂದ ನಿರಂಜನ. ಅವನ ಸ್ವರದಲ್ಲಿ ಸಂತೋಷ ಇತ್ತು.

"ಹೌದಾ ಸ್ವಾಮಿ? ಈಗ ಅದರಲ್ಲಿ ಎಂತದೂ ಇಲ್ವಾ?"

"ಏನೂ ಇಲ್ಲ. ಅಲೆ ತಂದು ಹಾಕಿದ್ದರಲ್ಲಿ ಒಂದಿಷ್ಟೂ ಉಳಿದಿಲ್ಲ. ಎಲ್ಲ ತೊಳೆದು ಹೋಯಿತು."

ಮೂಕಾಂಬು ಸ್ವಲ್ಪ ಹೊತ್ತು ನೀರನ್ನು ನೋಡಿದಳು. ಆಮೇಲೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಮನೆಗೆ ಹೋದಳು. ಉಳಿದ ಹೆಂಗಸರೂ ಎದ್ದು ಹೋದರು.

ನಿರಂಜನ ಗುಡ್ಡ ಹತ್ತಿ ಬಂದ.

"ನಿಜವನ್ನೇ ಹೇಳಿದೆ, ಅಜ್ಜಯ್ಯ. ಅವಳು ಅತ್ತಳು."

"ಏನು ಹೇಳಿದೆ?"

ನಿರಂಜನ ಹೇಳಿದ.

"ಸುಬ್ರಾಯನ ದೇಹ ಸಿಕ್ಕಿತ್ತೇ?" ಎಂದು ಗುರು ಕೇಳಿದರು.

ತಾನು ಆಡಿದ ಮಾತು ನಿರಂಜನನಿಗೆ ಈಗ ಕೇಳಿಸಿತು.

"ಇಷ್ಟು ತಿಂಗಳು ನೀರನ್ನು ಕೇಳಿದೆ," ಎಂದರು ಗುರು. "ನಾಳೆ ಅವಳನ್ನು ಕೇಳು."

ಮರುದಿನ ನಿರಂಜನ ಬರಿಗೈಯಲ್ಲಿ ಮೂಕಾಂಬುವಿನ ಮನೆಗೆ ಹೋಗಿ ಜಗಲಿಯಲ್ಲಿ ಕೂತ. ಅವಳು ನೀರು ತಂದಿಟ್ಟಳು.

"ನಿನ್ನೆ ನಾನು ಹಾಗೆ ಹೇಳಬಾರದಿತ್ತು, ಅಕ್ಕ."

"ನಿಮ್ಮ ತಪ್ಪು ಅಲ್ಲ ಸ್ವಾಮಿ. ನೀರು ಶುದ್ಧ ಆಗಿರಬಹುದು." ಅವಳು ಕಂಬಕ್ಕೆ ಒರಗಿದಳು. "ದೇಹ ಸಿಗಲಿಲ್ಲ ಅಂತ ದರ್ಭೆಯಲ್ಲಿ ಗೊಂಬೆ ಮಾಡಿ ಕ್ರಿಯೆ ಮಾಡಿಸಿದೆವು. ಮುಖ ಇಲ್ಲದ ಗೊಂಬೆ. ನಮ್ಮ ಮನೆಯವರು ಇರುವುದು ಆ ನೀರಲ್ಲಿ. ಕಾಲಿಟ್ಟರೆ ಅವರ ಮೈ ಮೇಲೇ ಇಟ್ಟ ಹಾಗೆ ಆಗ್ತದೆ. ಮತ್ತೆ ಮೀನು..." ಅವಳು ತಡೆದಳು. "ಆ ಮೀನು ಎಂತ ತಿಂದು ಬೆಳೆದದ್ದು ಅಂತ ನಿಮ್ಮ ಪರೀಕ್ಷೆಯಲ್ಲಿ ಗೊತ್ತಾಗ್ತದಾ?"

ಅವಳು ಸುಬ್ರಾಯನ ಬಗ್ಗೆ ಹೇಳುತ್ತಾ ಹೋದಳು. ಬಲೆ ಒಣಹಾಕುವಾಗ ಅವನು ಒಬ್ಬನೇ ಮಾತಾಡಿಕೊಳ್ಳುತ್ತಿದ್ದದ್ದು, ಬಂಗುಡೆ ಮೀನಿನ ಸಾರಿಗೆ ಹುಳಿ ಸಾಲದೆಂದು ದಿನವೂ ತಗಾದೆ ತೆಗೆಯುತ್ತಿದ್ದದ್ದು. ಮಧ್ಯಾಹ್ನದವರೆಗೂ ನಿರಂಜನ ಕೇಳಿಸಿಕೊಂಡ.

ಆಶ್ರಮಕ್ಕೆ ಮರಳಿ, "ಅವಳಿಗೆ ಕೊಡಲು ನನ್ನ ಬಳಿ ಉತ್ತರ ಇಲ್ಲ," ಎಂದ.

"ಕೇಳಿಸಿಕೊಂಡೆಯಾ?"

"ಕೇಳಿಸಿಕೊಂಡೆ."

ಗುರು ಎದ್ದು ಮೇಲುವಸ್ತ್ರ ಹೊದ್ದುಕೊಂಡರು. ಮಂಡಿನೋವಿನಿಂದಾಗಿ ಅವರು ಗುಡ್ಡ ಇಳಿದು ವರ್ಷಗಳೇ ಆಗಿದ್ದವು. ನಿರಂಜನನ ಜೊತೆ ಅಲ್ಲಲ್ಲಿ ಕೂತು, ಎದ್ದು, ಇಳಿದರು. ಮೂಕಾಂಬುವಿನ ಅಂಗಳದಲ್ಲಿ ನಿಂತು ಕರೆದರು.

"ಮಗಳೇ, ನನಗೆ ಕಡಲಲ್ಲಿ ಸ್ನಾನ ಮಾಡಬೇಕು. ಕಾಲು ಗಟ್ಟಿ ಇಲ್ಲ. ಕೈ ಹಿಡಿಯುತ್ತೀಯಾ?"

"ನಾನು ಹಿಡಿಯುತ್ತೇನೆ, ಅಜ್ಜಯ್ಯ," ಎಂದ ನಿರಂಜನ.

"ನೀನು ದಡದಲ್ಲಿರು."

ಮೂಕಾಂಬುವಿಗೆ ಆ ಮುದುಕರಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಕೈ ಹಿಡಿದುಕೊಂಡು ನಡೆದಳು. ಧಕ್ಕೆಯ ಪಕ್ಕದ ಮರಳಿನಲ್ಲಿ, ನೀರಿನ ಅಂಚಿಗೆ ಬಂದು ನಿಂತಳು. ಗುರು ನಿಲ್ಲಲಿಲ್ಲ. ಅವರು ಎಡವಿದಾಗ ಆಧರಿಸಲು ಅವಳೂ ಮುಂದೆ ಹೋದಳು. ನೀರು ಅವಳ ಪಾದಕ್ಕೆ ಬಂತು, ಆಮೇಲೆ ಮೊಣಕಾಲಿಗೆ.

"ಅವರು ಇಲ್ಲೇ ಇದ್ದಾರೆ, ಅಜ್ಜಯ್ಯ," ಎಂದಳು.

"ಇದ್ದಾನೆ," ಎಂದರು ಗುರು. "ಮಾತಾಡು."

ಅವಳು ಏನು ಮಾತಾಡಿದಳೋ ದಡದಲ್ಲಿದ್ದ ನಿರಂಜನನಿಗೆ ಕೇಳಲಿಲ್ಲ. ಗುರು ಅವಳ ಪಕ್ಕದಲ್ಲೇ ನಿಂತಿದ್ದರು. ಅಲೆಗಳು ಸಣ್ಣಗೆ ಬಂದು ಹೋಗುತ್ತಿದ್ದವು. ಅವಳ ಅಳು ನಿಂತ ಮೇಲೆ ಗುರು ಅವಳ ಕೈ ಹಿಡಿದುಕೊಂಡೇ ಮುಳುಗು ಹಾಕಿದರು.

ಆ ವಾರ ಮೂಕಾಂಬು ದಿನವೂ ನೀರಿಗಿಳಿದಳು. ಅವಳನ್ನು ನೋಡಿ ಇತರರೂ ಇಳಿದರು. ಕೆಲವರು ಹೂ ಬಿಟ್ಟರು, ಕೆಲವರು ಸುಮ್ಮನೆ ನಿಂತು ಬಂದರು. ಆಮೇಲೆ ಒಂದು ಬೆಳಿಗ್ಗೆ ಗಂಡಸರು ದೋಣಿ ನೀರಿಗೆ ತಳ್ಳಿದರು.

ದೋಣಿಗಳು ಮರಳುವಾಗ ಊರೆಲ್ಲ ಧಕ್ಕೆಯಲ್ಲಿ ಸೇರಿತ್ತು. ಗುರುವೂ ಬಂದಿದ್ದರು. ಬುಟ್ಟಿ ತುಂಬಿತು. ಬೆಳ್ಳಗೆ ಹೊಳೆಯುವ ಬಂಗುಡೆ. ಆದರೆ ಹೆಂಗಸರಲ್ಲಿ ಯಾರೂ ಕೈ ಚಾಚಲಿಲ್ಲ. ಎಲ್ಲರೂ ಮೂಕಾಂಬುವನ್ನು ನೋಡಿದರು.

ಅವಳು ಬುಟ್ಟಿಯ ಮುಂದೆ ನಿಂತೇ ಇದ್ದಳು. ತಲೆಯ ಮೇಲೆ ಬಟ್ಟೆಯ ಸಿಂಬೆ ಇಟ್ಟುಕೊಂಡಿದ್ದಳು. ಬಗ್ಗಿ ಬುಟ್ಟಿ ಎತ್ತಲು ಮಾತ್ರ ಆಗಲಿಲ್ಲ.

"ಅವರಿರುವ ನೀರಿಂದ ತೆಗೆದದ್ದನ್ನು ನಾನು ಮಾರೋದು ಹೇಗೆ, ಅಜ್ಜಯ್ಯ? ತಿನ್ನೋದು ಹೇಗೆ?"

ಹುಟ್ಟಿದಂದಿನಿಂದ ಮೀನು ಮುಟ್ಟದ ಗುರು ಬಗ್ಗಿ ಬುಟ್ಟಿಯ ಅಂಚು ಹಿಡಿದರು.

"ನಿರಂಜನ, ಆ ಕಡೆ ಹಿಡಿ."

ಇಬ್ಬರೂ ಸೇರಿ ಬುಟ್ಟಿಯನ್ನು ಮೆಲ್ಲಗೆ ಅವಳ ತಲೆಗೆ ಏರಿಸಿದರು. ಬುಟ್ಟಿಯ ನೀರು ಅವಳ ಕೆನ್ನೆಯ ಮೇಲೆ ಇಳಿಯಿತು. ಗುರು ಅದನ್ನು ತಮ್ಮ ಮೇಲುವಸ್ತ್ರದಿಂದ ಒರೆಸಿದರು.

"ಬದುಕಿದ್ದಷ್ಟು ದಿನ ಅವನು ಈ ನೀರಿಂದಲೇ ತಂದು ನಿನಗೆ ಉಣ್ಣಿಸಿದ. ಈಗ ಇಲ್ಲೇ ಇದ್ದುಕೊಂಡು ನಿನ್ನನ್ನು ಉಪವಾಸ ಕೆಡವುತ್ತಾನಾ, ಮಗಳೇ?"