ಹೊಳೆಯ ಮಗ ಪೋಣಿಸಿದ ಮಣಿಸರ

ಲೋಕ ಇನ್ನೂ ಹೊಸದಾಗಿತ್ತು. ಬೆಟ್ಟಗಳ ಮಣ್ಣು ಇನ್ನೂ ಒಣಗಿರಲಿಲ್ಲ. ಆಗ ಒಬ್ಬಳು ಹೊಳೆ ಇದ್ದಳು. ಅವಳ ಗಂಡ ಗಾಳಿ. ಅವರಿಬ್ಬರಿಗೂ ಒಬ್ಬನೇ ಮಗ, ಮಂಜು.

ಹಾಲಿನಂಗಡಿಯ ಮಂಜು ಅಲ್ಲ ಪುಟ್ಟಿ! ಬೆಳಿಗ್ಗೆ ಗದ್ದೆಯ ಮೇಲೆ ಬೆಳ್ಳಗೆ ಕವಿದಿರುತ್ತದಲ್ಲ, ಆ ಮಂಜು.

ಮಂಜುವಿಗೆ ಆಗ ತಾನೇ ನಡೆಯಲು ಬಂದಿತ್ತು. ಗುಂಡಗಿದ್ದ, ಮೆತ್ತಗಿದ್ದ, ಕರೆದವರ ತೊಡೆಯ ಮೇಲೆಲ್ಲ ಹೋಗಿ ಕೂರುತ್ತಿದ್ದ. ಬಂಗಾರದಂಥ ಮಗು. ಅವನಲ್ಲಿ ಇದ್ದದ್ದು ಒಂದೇ ತೊಂದರೆ. ಬೇಗ ಏಳುತ್ತಿದ್ದ.

ಬೇಗ ಎಂದರೆ ಎಂಥ ಬೇಗ? ಕಾಗೆ ಏಳುವ ಮುಂಚೆ. ಕಾಗೆಗಿಂತ ಮೊದಲು ಏಳುವ ಕೋಳಿಯೂ ಏಳುವ ಮುಂಚೆ. ನಿನ್ನ ತಮ್ಮ ಏಳುತ್ತಾನಲ್ಲ, ಅದಕ್ಕಿಂತಲೂ ಮುಂಚೆ. ಇಷ್ಟು ಹೇಳಿದರೆ ನಿನಗೆ ಅರ್ಥವಾಯಿತು ತಾನೇ?

ಎದ್ದವನು ಸುಮ್ಮನೆ ಬಿದ್ದಿರುತ್ತಾನೆಯೇ? ಅಮ್ಮನ ಕಣ್ಣಿನ ರೆಪ್ಪೆಯನ್ನು ಬೆರಳಿನಿಂದ ಎತ್ತಿ ಒಳಗೆ ಇಣುಕುತ್ತಿದ್ದ.

"ಅಮ್ಮಾ, ಬೆಳಗಾತು."

"ಇಲ್ಲ ಕಂದ, ಇನ್ನೂ ಆಗಿಲ್ಲ. ಮಲಕ್ಕೋ."

"ಬೆಳಗಾತು."

"ನೋಡಲ್ಲಿ, ಚುಕ್ಕಿ ಎಲ್ಲಾ ಇನ್ನೂ ಇದಾವೆ."

"ಚುಕ್ಕಿ ಎದ್ದಿದೆ. ನಾನೂ ಎದ್ದೆ."

ಅವಳು ಬಾಯಿ ತೆರೆಯುವಷ್ಟರಲ್ಲಿ ಮಂಜು ದಡ ಹತ್ತಿ ಓಡಿಯೇಬಿಟ್ಟಿರುತ್ತಿದ್ದ. ಮಲಗಿದ್ದ ಕರುವಿನ ಬೆನ್ನೇರಿ ಕೂರುತ್ತಿದ್ದ. ಗುಬ್ಬಿಯ ಗೂಡಿನೊಳಗೆ ತಣ್ಣನೆಯ ಕೈ ಹಾಕುತ್ತಿದ್ದ. ಹೊಳೆ ಅವನ ಹಿಂದೆ ಓಡುತ್ತಿದ್ದಳು, ಹಿಡಿದು ತರುತ್ತಿದ್ದಳು, ಅವನು ಮತ್ತೆ ಓಡುತ್ತಿದ್ದ.

ಬೇಲಿಯಲ್ಲಿದ್ದ ಜೇಡಕ್ಕನಂತೂ ಉರಿದು ಬೀಳುತ್ತಿದ್ದಳು. ಇಡೀ ರಾತ್ರಿ ಕೂತು ನೇಯ್ದ ಬಲೆಯೊಳಗೆ ಈ ಹುಡುಗ ಒಮ್ಮೆ ನುಗ್ಗಿದರೆ ಸಾಕು, ಬಲೆ ಚಿಂದಿ. "ಮಗನ್ನ ಹೆತ್ತಿದಾಳೆ, ಹಿಡಿದಿಟ್ಕೊಳ್ಳೋಕೆ ಬರಲ್ಲ" ಎಂದು ಹೊಳೆಗೆ ಕೇಳುವ ಹಾಗೆಯೇ ಗೊಣಗುತ್ತಿದ್ದಳು.

ಹೊಳೆ ಉಪಾಯ ಕೇಳಲು ಹೊರಟಳು. ಹೋಗಿ ಹೋಗಿ ಗೂಬೆಯನ್ನು ಕೇಳಿದಳು! ನಿದ್ದೆಯ ವಿಚಾರವನ್ನು ಯಾರಲ್ಲಿ ಕೇಳಬಾರದೋ ಅವಳಲ್ಲೇ.

"ಅದೇನು ಮಹಾ" ಎಂದಳು ಗೂಬೆ. "ರಾತ್ರಿ ತಡವಾಗಿ ಮಲಗಿಸು. ತಡವಾಗಿ ಮಲಗಿದವರು ತಡವಾಗಿ ಏಳ್ತಾರೆ. ನನ್ನನ್ನೇ ನೋಡು, ಮಧ್ಯಾಹ್ನ ಆದ್ರೂ ಏಳಲ್ಲ."

ಅಂದು ಹೊಳೆ ಮಗನನ್ನು ಮಲಗಲು ಬಿಡಲಿಲ್ಲ. ಆಡಿಸಿದಳು, ಕುಣಿಸಿದಳು, ಕಣ್ಣು ಮುಚ್ಚಿದರೆ ಕಚಗುಳಿ ಇಟ್ಟಳು. ಬಹಳ ತಡವಾಗಿ ಅವನು ಮಲಗಿದ. ಮತ್ತೆ ಎದ್ದದ್ದು ಯಾವಾಗ? ದಿನಕ್ಕಿಂತಲೂ ಮುಂಚೆ! ಅದರ ಮೇಲೆ ರಚ್ಚೆ ಬೇರೆ. ಹೊಳೆಗೆ ಅಳು ಬಂತು.

ಪಕ್ಕದಲ್ಲೇ ಗಾಳಿ ಗೊರಕೆ ಹೊಡೆಯುತ್ತಿದ್ದ. ಅವಳು ಅವನನ್ನು ಅಲುಗಾಡಿಸಿದಳು.

"ಏನ್ರೀ, ನಾಳೆ ಒಂದಿನ ನೀವು ನೋಡ್ಕೊಳ್ಳಿ."

"ಮಗು ಎದ್ದಿತ್ತಾ?" ಎಂದ ಗಾಳಿ, ಕಣ್ಣುಜ್ಜಿಕೊಳ್ಳುತ್ತ. "ನಂಗೆ ಗೊತ್ತೇ ಆಗ್ಲಿಲ್ಲ ನೋಡು."

ಲೋಕ ಹೊಸದಾಗಿದ್ದಾಗಲೂ ಅಪ್ಪಂದಿರು ಹೀಗೆಯೇ ಇದ್ದರು ಪುಟ್ಟಿ. ನಿಮ್ಮ ಅಜ್ಜನನ್ನು ನಾನು ನೋಡಿಲ್ಲವೇ?

ಆದರೂ ಒಪ್ಪಿಕೊಂಡ, ಪಾಪ. ಮರುದಿನ ಮಂಜು ಎದ್ದ ಕೂಡಲೇ ಗಾಳಿ ಅವನನ್ನು ಎತ್ತಿಕೊಂಡ. ಅಪ್ಪಂದಿರಿಗೆ ಮಗು ಸಿಕ್ಕರೆ ಏನು ಮಾಡುತ್ತಾರೆ? ಮೇಲಕ್ಕೆ ಎಸೆದು ಹಿಡಿಯುತ್ತಾರೆ. ಇವನೂ ಎಸೆದ. ಎಸೆದವನು ಗಾಳಿ, ಹೋದವನು ಮಂಜು. ಒಂದು ಕೈ ಹುಣಸೆ ಮರಕ್ಕೆ ಹೋಯಿತು, ಒಂದು ಕಾಲು ಗುಡ್ಡದ ಆಚೆಗೆ ಹೋಯಿತು, ಹೊಟ್ಟೆ ನಾಲ್ಕು ಗದ್ದೆಗೆ ಹಂಚಿಹೋಯಿತು. ಎಲ್ಲ ಕಡೆಯಿಂದಲೂ "ಅಮ್ಮಾ" ಎಂಬ ಅಳು!

ಹೊಳೆ ಎದ್ದು ಬಿದ್ದು ಓಡಿ, ಮಗನನ್ನು ತುಂಡು ತುಂಡಾಗಿ ಆರಿಸಿ ತಂದು ಸೇರಿಸಿದಳು.

"ನಿಮ್ಮ ಕೈಗೆ ಕೊಟ್ಟೆನಲ್ಲ, ನನಗೆ ಬುದ್ಧಿ ಇಲ್ಲ" ಎಂದು ಗಂಡನಿಗೆ ಬೈದಳು. "ಇನ್ನು ಮಗು ಆಡೋ ಹೊತ್ತಲ್ಲಿ ನೀವು ಎದ್ದು ಬಂದರೆ ನೋಡಿ!"

ಗಾಳಿ ತೆಪ್ಪಗೆ ಹೋಗಿ ಮಲಗಿದ. ಮತ್ತೆ ಅವನಿಗೆ ಯಾರೂ ಹೇಳಬೇಕಾಗಲಿಲ್ಲ.

ಆದರೆ ಹೊಳೆ ಎಷ್ಟು ದಿನ ತಾನೇ ತಡೆದಾಳು? ಹಗಲಲ್ಲೇ ತೂಕಡಿಸತೊಡಗಿದಳು. ಹೊಳೆಯ ಕೆಲಸವೆಂದರೆ ನಡೆಯುವುದು. ನಡೆಯುತ್ತ ನಡೆಯುತ್ತ ಅವಳು ಬಂಡೆಗೆ ಹಣೆ ಬಡಿದುಕೊಂಡಳು. ದಾರಿ ತಪ್ಪಿ ಯಾರದೋ ಹೊಲಕ್ಕೆ ಹೋದಳು. ಕೊನೆಗೆ ಒಂದು ದಿನ ತಿರುವಿನಲ್ಲಿ ಸ್ವಲ್ಪ ಕೂರೋಣ ಎಂದು ಕೂತವಳು ಹಾಗೇ ನಿದ್ದೆ ಹೋದಳು. ನೀರು ನಿಂತಿತು. ಕೆಳಗಿನ ಊರುಗಳಲ್ಲಿ ಮರಳು ಕಾಣಿಸಿತು. ಮೀನಿನ ಮರಿಗಳು ಕೆಸರಿನಲ್ಲಿ ಒದ್ದಾಡುತ್ತ ಕೂಗಿದವು.

"ಹೊಳೆವ್ವಾ, ಏಳವ್ವಾ! ನಮ್ ಬೆನ್ನು ಒಣಗ್ತಾ ಇದೆ!"

ಹೊಳೆ ಬೆಚ್ಚಿ ಎದ್ದು ಓಡಿದಳು. ಆ ದಿನ ಮರಿಗಳು ಬದುಕಿದವು. ನಾಳೆ ಅವಳಿಗೆ ಎಚ್ಚರವೇ ಆಗದಿದ್ದರೆ? ನಿದ್ದೆಗೆಟ್ಟ ತಾಯಿಯ ಭಯ ತಾಯಿಗೇ ಗೊತ್ತು. ಅವಳನ್ನು ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಮರುದಿನ ಕತ್ತಲಿರುವಾಗಲೇ ಮಂಜು ಮತ್ತೊಂದು ಬಲೆ ಹರಿದ. ಜೇಡಕ್ಕನಿಗೆ ತಡೆಯಲಾಗಲಿಲ್ಲ. ಇವತ್ತು ಆ ಹೊಳೆಗೆ ಚೆನ್ನಾಗಿ ಝಾಡಿಸಿಯೇ ಬರುತ್ತೇನೆ ಎಂದು ಎಂಟು ಕಾಲೂ ಬಡಿಯುತ್ತ ದಡಕ್ಕೆ ಇಳಿದಳು.

ಇಳಿದು ನೋಡಿದರೆ, ಎರಡು ಹೊಂಗೆ ಮರಗಳ ನಡುವೆ ಸೀರೆಯ ಜೋಲಿ. ಹೊಳೆ ಅರೆಗಣ್ಣು ಮುಚ್ಚಿಕೊಂಡು ಜೋಲಿ ತೂಗುತ್ತಿದ್ದಳು. "ಜೋ ಜೋ ಕರುವೇ, ಹಾಲು ಕುಡಿದ ಕಪ್ಪೆಯೇ" ಎಂದು ಏನೇನೋ ಹಾಡುತ್ತಿದ್ದಳು. ಜೋಲಿ ಖಾಲಿ! ಮಗ ಎದ್ದು ಹೋಗಿ ಎಷ್ಟೋ ಹೊತ್ತಾಗಿತ್ತು. ಅವಳಿಗೆ ಅದು ಗೊತ್ತೇ ಇಲ್ಲ.

ಜೇಡಕ್ಕ ತಂದಿದ್ದ ಬೈಗುಳವೆಲ್ಲ ಬಾಯಲ್ಲೇ ಉಳಿಯಿತು.

"ಹೊಳೆ" ಎಂದಳು ಮೆಲ್ಲಗೆ. "ಏ ಹುಡುಗಿ. ಮಲಕ್ಕೋ ಹೋಗು."

"ಮಗು ಅಕ್ಕಾ..."

"ನಾನು ನೋಡ್ಕೋತೀನಿ. ಹೇಗೂ ಆ ಹೊತ್ತಿಗೆ ನಾನು ಎದ್ದೇ ಇರ್ತೀನಲ್ಲ."

ಹೊಳೆ ಅಲ್ಲೇ ಮಡುವಿನಲ್ಲಿ ಒರಗಿದಳು, ಹರಿವು ನಿಲ್ಲದೆ ಸಣ್ಣಗಾಯಿತು, ನಿದ್ದೆ ಬಂತು.

ಜೇಡಕ್ಕ ಬೇಲಿಗೆ ಬಂದು ಹೊಸ ಬಲೆ ಶುರು ಮಾಡಿದಳು. ಮಂಜು ಓಡಿ ಬಂದ, ನುಗ್ಗುವುದಕ್ಕೆ.

"ನಿಂತ್ಕೋ!" ಎಂದಳು ಜೇಡಕ್ಕ. "ಒಂದು ಬೆರಳು ಮಾತ್ರ."

ಮಂಜು ನಿಂತ. ಒಂದು ಬೆರಳು ಚಾಚಿದ. ಎಳೆಯನ್ನು ಮೆಲ್ಲಗೆ ಮುಟ್ಟಿದ. ಬೆರಳು ತೆಗೆದಾಗ ಅಲ್ಲೊಂದು ನೀರಿನ ಮಣಿ ಕೂತಿತ್ತು.

ಮಂಜು ಅದನ್ನೇ ನೋಡಿದ. ಮತ್ತೆ ಮುಟ್ಟಿದ. ಮತ್ತೊಂದು ಮಣಿ.

"ದೊದ್ದಮ್ಮಾ, ಒಂದು" ಎಂದ.

"ಹೂಂ ರಾಜ, ಒಂದು."

"ಇನ್ನೊಂದು ಒಂದು."

ಅವನಿಗೆ ಎಣಿಸಲು ಬರುತ್ತಿದ್ದದ್ದು ಅಷ್ಟೇ. ಒಂದು, ಒಂದು, ಒಂದು ಎನ್ನುತ್ತ ಪೋಣಿಸುತ್ತ ಹೋದ. ಓಡಲಿಲ್ಲ, ಕೂಗಲಿಲ್ಲ. ನಾಲಿಗೆಯ ತುದಿ ಹೊರಗೆ ಹಾಕಿಕೊಂಡು ಅದೊಂದೇ ಕೆಲಸ. ಒಂದು ಬಲೆ ಮುಗಿದ ಮೇಲೆ ಪಕ್ಕದ್ದಕ್ಕೆ ಹೋದ. ಒದ್ದೆ ಬಲೆಯನ್ನು ನೊಣಗಳು ದೂರದಿಂದಲೇ ನೋಡಿ ಸುತ್ತಿಕೊಂಡು ಹೋದವು. ಜೇಡಕ್ಕನ ಹೊಟ್ಟೆ ಚುರುಗುಟ್ಟಿತು. "ಹೋಗ್ಲಿ, ಬಲೆ ಒಣಗಿದ ಮೇಲೆ ತಿಂದರಾಯ್ತು" ಎಂದುಕೊಂಡಳು.

ಬೆಳಗಾಯಿತು. ಹೊಳೆಗೆ ಎಚ್ಚರವಾಯಿತು. ಕಣ್ಣು ತುಂಬ ನಿದ್ದೆ ಮಾಡಿ ಎಷ್ಟು ಕಾಲವಾಗಿತ್ತೋ! ಆದರೆ ಸುತ್ತಲೂ ಸದ್ದೇ ಇಲ್ಲ. ಮಗುವಿರುವ ಮನೆಯಲ್ಲಿ ಸದ್ದಿಲ್ಲವೆಂದರೆ ಯಾವ ತಾಯಿಗೆ ಹೆದರಿಕೆಯಾಗುವುದಿಲ್ಲ?

"ಮಂಜೂ!" ಎಂದು ದಡಕ್ಕೆ ಅಪ್ಪಳಿಸಿ ಎದ್ದಳು.

ಎದ್ದವಳು ಹಾಗೇ ನಿಂತಳು. ಬೇಲಿಯ ತುಂಬ, ಪೊದೆಯ ತುಂಬ, ಹುಲ್ಲಿನ ತುದಿ ತುದಿಗೂ ಮಣಿಸರ. ಬಿಸಿಲು ಬಿದ್ದು ಎಲ್ಲವೂ ಥಳಥಳ ಹೊಳೆಯುತ್ತಿದ್ದವು. ನಡುವೆ ಕೂತಿದ್ದ ಮಂಜು ಅಮ್ಮನನ್ನು ಕಂಡು ನಕ್ಕ. ಒಂದು ಆಕಳಿಕೆ ಬಂತು. ಇನ್ನೊಂದು ಬಂತು. ಅಷ್ಟು ಬೇಗ ಎದ್ದವನಿಗೆ ಬರದೇ ಇರುತ್ತದೆಯೇ? ಬೆಚ್ಚಗಿನ ಬಿಸಿಲು ಬೆನ್ನಿಗೆ ತಾಗುತ್ತಲೇ ಹಾಗೇ ಅಮ್ಮನ ಮಡಿಲಿಗೆ ಜಾರಿ ಮಲಗಿಬಿಟ್ಟ.

ಹೊಳೆ ಮಗನನ್ನು ಒಳಗೆ ಸೇರಿಸಿಕೊಂಡು, ಜೇಡಕ್ಕನ ಬೇಲಿಯ ಬುಡವನ್ನು ಒಮ್ಮೆ ತೊಳೆದು ಹೋದಳು. ಹೋಗುವಾಗ ಹಾಡಿಕೊಂಡು ಹೋದಳು. ಕೆಳಗೆ ಮೀನಿನ ಮರಿಗಳು ಅವಳ ಹಾಡು ಕೇಳಿ ಮೊದಲೇ ಬಾಲ ಬಡಿಯತೊಡಗಿದ್ದವು.

ಅದಕ್ಕೇ ಪುಟ್ಟಿ, ಈಗಲೂ ಚಳಿಯ ದಿನ ನೀನು ಬೆಳಿಗ್ಗೆ ಹಿತ್ತಿಲ ಬಾಗಿಲು ತೆರೆದರೆ ಗಾಳಿ ಅಲುಗದೆ ಮಲಗಿರುತ್ತದೆ, ಜೇಡರ ಬಲೆಗಳ ತುಂಬ ನೀರಿನ ಮಣಿಗಳಿರುತ್ತವೆ, ಬಿಸಿಲೇರಿದ ಮೇಲೆ ಮಂಜನ್ನು ಎಲ್ಲಿ ಹುಡುಕಿದರೂ ಸಿಗುವುದಿಲ್ಲ. ಆ ಮಣಿಗಳನ್ನು ಕಂಡಾಗ ಮುಟ್ಟಬೇಡ, ಜೋರಾಗಿ ಮಾತಾಡಲೂ ಬೇಡ. ಅಲ್ಲೇ ಎಲ್ಲೋ ಹತ್ತಿರದಲ್ಲಿ ಒಬ್ಬಳು ಅಮ್ಮ ಇನ್ನೊಂದು ಸ್ವಲ್ಪ ಹೊತ್ತು ನಿದ್ದೆ ಮಾಡುತ್ತಿದ್ದಾಳೆ.