ದುಂಡಪ್ಪ ಮೇಸ್ತ್ರಿಯ ಮೂರು ಕಾಯ್ದೆ

ಕಲ್ಲೇರಿ ಅನ್ನೋ ರಾಜ್ಯದಲ್ಲಿ ದುಂಡಪ್ಪ ಅಂತ ಒಬ್ಬ ಮೇಸ್ತ್ರಿ ಇದ್ದ, ಕೇಳಿ. ಊರಲ್ಲಿ ಇನ್ನಿಬ್ಬರು ಮೇಸ್ತ್ರಿಗಳು ಇರೋವರೆಗೂ ಅವನು ಕೋಳಿ ಕೂಗೋ ಮೊದಲೇ ಕರಣಿ ಹಿಡಿಯುತ್ತಿದ್ದ. ಗೋಡೆ ಎದ್ದಿದ್ದೇ ಎದ್ದಿದ್ದು. ಆದರೆ ಮೈ ನೋಯುತ್ತಿತ್ತು. ಮೈ ನೋಯದ ದಾರಿ ಹುಡುಕಿ ರಾಜನ ಹತ್ತಿರ ಹೋದ.

“ಪ್ರಭು, ಕಂಡಕಂಡವರು ಕಟ್ಟಿದರೆ ಪ್ರಜೆಗಳ ತಲೆ ಮೇಲೆ ಗೋಡೆ ಬೀಳುತ್ತೆ. ಕಾಯ್ದೆ ಮಾಡಿ.”

ಪ್ರಜೆಗಳ ತಲೆ ಬಗ್ಗೆ ಅವನಿಗೆ ಇಷ್ಟು ಕಾಳಜಿ ಇದೆ ಅಂತ ಅವನ ಹೆಂಡತಿಗೂ ಗೊತ್ತಿರಲಿಲ್ಲ.

ರಾಜ ಮೂರು ಕಾಯ್ದೆ ಮಾಡಿದ. ಅರಮನೆ ಕಟ್ಟಿರದವನು ಗೋಡೆ ಎಬ್ಬಿಸಬಾರದು. ಮುದ್ರೆ ಒತ್ತಿರದ ತೂಗುಗುಂಡು ಇಳಿಬಿಟ್ಟು ಗೋಡೆ ನೆಟ್ಟಗಿದೆಯಾ ಅಂತ ನೋಡಬಾರದು. ಒಂದು ಸಾಲು ಕಲ್ಲಿಟ್ಟರೆ, ಅಧಿಕಾರಿ ಬಂದು ನೋಡೋ ತನಕ ಇನ್ನೊಂದು ಸಾಲು ಇಡಬಾರದು.

ಅರಮನೆ ಕಟ್ಟಿದವನು ದುಂಡಪ್ಪ ಒಬ್ಬನೇ. ಮುದ್ರೆ ಒತ್ತೋನು ಅವನ ಷಡ್ಡಕ. ನೋಡೋ ಅಧಿಕಾರಿ ಅವನ ಭಾವಮೈದುನ. ಉಳಿದ ಮೇಸ್ತ್ರಿಗಳಿಬ್ಬರೂ ಗಂಟುಮೂಟೆ ಕಟ್ಟಿದರು.

ಆ ವರ್ಷ ಊರಿನ ಜೋಳವೆಲ್ಲ ಅರಮನೆ ಅಂಗಳದಲ್ಲಿ ರಾಶಿ ಬಿದ್ದಿತ್ತು. ಮಳೆಗೆ ನೆನೆದರೆ ಊರಿಗೆ ಊರೇ ಉಪವಾಸ. ರಾಜ ಉಗ್ರಾಣ ಕಟ್ಟು ಅಂದ. ದುಂಡಪ್ಪ ಒಂದು ಸಾಲು ಕಲ್ಲಿಟ್ಟು ಭಾವಮೈದುನನಿಗೆ ಕಾದ. ಭಾವಮೈದುನ ಬಂದ, ಹೋಳಿಗೆ ಉಂಡ, ಗೋಡೆ ನೋಡೋದು ಮರೆತು ಹೋದ. ದುಂಡಪ್ಪ ಮತ್ತೆ ಕಾದ. ಕಾಯೋದರಲ್ಲಿ ಮೈ ನೋಯಲ್ಲ ನೋಡಿ. ಯಾವಾಗಲೋ ಒಮ್ಮೆ ಭಾವಮೈದುನ ಎಲೆ ಮುಂದೆ ಕೂತೇ “ನೋಡಿದೆ” ಅಂದರೆ ಇನ್ನೊಂದು ಸಾಲು ಏಳುತ್ತಿತ್ತು.

ಯುಗಾದಿಗೆ ರಾಜ ಬಂದ. ಗೋಡೆ ಪಾದದ ಎತ್ತರ. “ಯಾಕಪ್ಪಾ?” “ಕಾಯ್ದೆ, ಪ್ರಭು.”

ಅಕ್ಷಯ ತದಿಗೆಗೆ ಬಂದ. ಗೋಡೆ ಕಣಕಾಲಿನ ಎತ್ತರ. “ಯಾಕಪ್ಪಾ?” “ಕಾಯ್ದೆ, ಪ್ರಭು.”

ಕಾರಹುಣ್ಣಿಮೆ ಹತ್ತಿರ ಬಂತು, ಮೋಡ ಕಟ್ಟಿತು. ಗೋಡೆ ಮೊಣಕಾಲಿನ ಎತ್ತರ. ರಾಜ ಬಾಯಿ ತೆರೆಯೋ ಮೊದಲೇ ದುಂಡಪ್ಪ “ಕಾಯ್ದೆ” ಅಂದ.

ಆಗ ನೆರೆದಿದ್ದ ಊರವರ ಗುಂಪಿನಿಂದ ಕೆಂಚವ್ವ ಅನ್ನೋಳು ಮುಂದೆ ಬಂದಳು. ಹಗೇವು ತೋಡೋದು ಅವಳ ಕಸುಬು. ಗಟ್ಟಿ ನೆಲದೊಳಗೆ ಹಂಡೆಯ ಹಾಗೆ ತೋಡಿ, ಕಾಳು ತುಂಬಿ, ಬಾಯಿ ಮುಚ್ಚೋ ಗುಣಿ ಅದು. “ನಾ ಇಡ್ತೀನಿ ಬುದ್ಧಿ ಜೋಳಾನ,” ಅಂದಳು.

ದುಂಡಪ್ಪ ನಕ್ಕ. “ಅರಮನೆ ಕಟ್ಟೀಯೇನೇ?”

“ಇಲ್ಲಣ್ಣಾ.”

“ಮುದ್ರೆ ಗುಂಡು ಐತೇನು?”

“ಇಲ್ಲಣ್ಣಾ.”

“ಅಧಿಕಾರಿ ಬಂದು ನೋಡಬೇಕಲ್ಲ?”

“ಅವರದಿನ್ನೂ ಊಟ ನಡದೈತಿ. ನಿನ್ನ ಕಾಯ್ದೆಯೆಲ್ಲ ಮೇಲೇಳೋ ಗೋಡೆಗೆ, ಅಣ್ಣಾ. ನಾ ಕೆಳಗಿಳಿಯಾಕ ಹೊಂಟೀನಿ.”

ರಾಜ ಹೂಂ ಅಂತ ತಲೆಯಾಡಿಸಿದ. ಕೆಂಚವ್ವನ ಮನೆಮಂದಿಯೆಲ್ಲ ತೋಡಿದರು, ಒಳಗೆ ದಂಟು ಹಾಸಿದರು, ಜೋಳ ಸುರಿದರು. ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತೋದಕ್ಕೂ ಮಳೆ ಸುರಿಯೋದಕ್ಕೂ ಸರಿಹೋಯಿತು. ಜೋಳ ಒಣಗೇ ಉಳಿಯಿತು. ಯಾರೂ ನಿಜವಾಗಿ ನೋಡಿರದ ದುಂಡಪ್ಪನ ಗೋಡೆ ಮಾತ್ರ ಮೊದಲ ಮಳೆಗೇ ಮಗ್ಗುಲಾಯಿತು.

“ಈ ಕಾಯ್ದೆಗಳನ್ನೆಲ್ಲ ಸುಟ್ಟುಹಾಕ್ತೀನಿ,” ಅಂದ ರಾಜ.

“ಎಲ್ಲಾ ಬ್ಯಾಡ ಬುದ್ಧಿ,” ಅಂದಳು ಕೆಂಚವ್ವ. “ಗೋಡೆ ನೆಟ್ಟಗೈತೇನು ಅಂತ ನೋಡೋದು ಇರಲಿ, ನೋಡೋನು ನೆಂಟ ಆಗಬಾರದು ಅಷ್ಟೆ. ಯಾರು ಕಟ್ಟಬಾರದು ಅನ್ನೋದು ಬಿಟ್ಟುಬಿಡ್ರಿ.”

ರಾಜ ಹೋದ ಮೇಸ್ತ್ರಿಗಳನ್ನು ಮರಳಿ ಕರೆಸಿ, ದುಂಡಪ್ಪನೂ ಸೇರಿ ಮೂವರಿಗೂ ಉಗ್ರಾಣದ ಒಂದೊಂದು ಗೋಡೆ ಒಪ್ಪಿಸಿದ. ನಾಲ್ಕನೆಯದು, ಮೊದಲು ನೆಟ್ಟಗೆ ಮುಗಿಸಿದವರಿಗೆ. ಮಾರನೇ ದಿನ ಕೋಳಿ ಕೂಗೋ ಮೊದಲೇ ದುಂಡಪ್ಪ ಕರಣಿ ಹಿಡಿದಿದ್ದ. ಭಾವಮೈದುನ ರೂಢಿಯಂತೆ ಊಟದ ಹೊತ್ತಿಗೆ ಬಂದ. ದುಂಡಪ್ಪ ತಿರುಗಿಯೂ ನೋಡಲಿಲ್ಲ.

“ಹೋಳಿಗೆ ಮನೇಲಿ ತಿನ್ನು. ಆ ಕಲ್ಲು ಎತ್ತಿಕೊಡು ಇಲ್ಲಿ.”

ಇದರಿಂದ ತಿಳಿಯೋದಿಷ್ಟು, ಮಕ್ಕಳೇ: ಕಾಯ್ದೆ ಇರಬೇಕಾದದ್ದು ಗೋಡೆ ಬೀಳದಿರಲಿ ಅಂತ, ಮೇಸ್ತ್ರಿ ಮಲಗಲಿ ಅಂತಲ್ಲ. ಪಕ್ಕದಲ್ಲಿ ಇನ್ನೊಬ್ಬ ಕಟ್ಟುತ್ತಿದ್ದರೇನೇ ಕೈ ಚುರುಕಾಗೋದು.